ಅಮ್ಮನ ಕೂದಲಿನ ಕುಂಚ

ವಾಜಿಮಾ

ಪ್ರೀತಿಯ ಅಮ್ಮನಿಗೆ,

ಬಟ್ಟಲುಗಳಿಗೆ ಬಳಿಯುವ ಮರದ ರಸದ ಅರಗು ತಾಗಿ ಕೈಯಲ್ಲಿ ಎದ್ದಿದ್ದ ತುರಿಕೆ ವಾಸಿಯಾಗಿದೆ. "ಉಪ್ಪುನೀರಿಗೆ ಒರಟಾದ ಈ ಕೂದಲು ಯಾರಿಗೆ ಬೇಕು ಕಣೇ?" ಎಂದು ನಗುತ್ತಲೇ ನೀನು ಕತ್ತರಿಸಿ ಕೊಟ್ಟೆಯಲ್ಲ, ಅದರಿಂದಲೇ ಕುಂಚ ಕಟ್ಟಿಸಿದೆ. ಐದು ವರ್ಷ ಕಲಿತ ಮೇಲೆ ಈ ತಿಂಗಳು ಗುರುಗಳು ಮರದ ಬಟ್ಟಲಿಗೆ ಕೊನೆಯ ಲೇಪ ಬಳಿಯಲು ನನಗೆ ಬಿಟ್ಟರು. ಒಣಗಿದ ಮೇಲೆ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಕುಂಚದ ಒಂದು ಗೆರೆಯೂ ಕಾಣಲಿಲ್ಲ.

"ಯಾವ ಅಂಗಡಿ ಕುಂಚ ಕಣೇ ಇದು?" ಎಂದರು.

"ಅಂಗಡೀದಲ್ಲ. ಸಮುದ್ರದಲ್ಲಿ ಮುಳುಗಿ ಚಿಪ್ಪು ತರೋ ನಮ್ಮಮ್ಮನ ಕೂದಲು" ಎಂದೆ, ಕಾರ್ಯಾಗಾರದಲ್ಲಿದ್ದ ಎಲ್ಲರಿಗೂ ಕೇಳುವ ಹಾಗೆ.

"ಹಾಗಾದ್ರೆ ಈ ಬಟ್ಟಲು ಅವರಿಗೇ ಸೇರಬೇಕು" ಎಂದರು ಗುರುಗಳು.

ಕಳಿಸುತ್ತಿದ್ದೇನೆ. ಕಪಾಟಿನಲ್ಲಿಟ್ಟು ನೋಡುತ್ತ ಕೂರಬೇಡ. ನೀರಿನಿಂದ ಮೇಲೆ ಬಂದ ಕೂಡಲೇ ಬಿಸಿ ಸಾರು ಹಾಕಿಕೊಂಡು ಕುಡಿ.

ನಿನ್ನ ಮಗಳು,
ಚಿನಾತ್ಸು