ಅತ್ತಿಗೆಯ ಹೊಟ್ಟೆನೋವು

ಅತ್ತಿಗೆ,

ನಿಮ್ಮ ಮಗಳು ವಿನುತಾಳನ್ನು ಇವತ್ತು ಹೊನ್ನಾಳಿಯಿಂದ ದಾವಣಗೆರೆಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದೆ. ನೀವು ಸಾಯುವ ಮುಂಚೆ ವರ್ಷಗಟ್ಟಲೆ ಅನುಭವಿಸಿದ ಹೊಟ್ಟೆನೋವು, ರಕ್ತಭೇದಿ ಈಗ ಅವಳಿಗೂ ಶುರುವಾಗಿದೆ.

"ಊಟದ ತಪ್ಪಲ್ಲಮ್ಮ, ನೆಪಾನೂ ಅಲ್ಲ," ಎಂದರು ಡಾಕ್ಟರು. "ರೋಗ ತಡೆಯೋ ಕಣಗಳಲ್ಲಿ ಸುಮ್ಮನಿರಬೇಕಾದ ಜೀನ್‌ಗಳು ಎಚ್ಚರಾಗಿಬಿಟ್ಟಾವೆ. ಅದಕ್ಕೇ ಆ ಕಣಗಳು ಕರುಳಿನ ಮೇಲೇ ಬಿದ್ದಾವೆ. ಹತೋಟಿಗೆ ತರಾಕೆ ಔಷಧಿ ಐತೆ."

ನನ್ನ ನಿಶ್ಚಿತಾರ್ಥದ ದಿನ ನೀವು ಐದನೇ ಸಲ ಒಲೆ ಬಿಟ್ಟು ಹಿತ್ತಲಿಗೆ ಹೋದಾಗ, ಬೀಗರೆದುರೇ ನಿಮ್ಮನ್ನು ಕೆಲಸಗಳ್ಳಿ ಎಂದವಳು ನಾನು. ನೀವು ಅದನ್ನು ಕೇಳಿಸಿಕೊಂಡೇ ಬಂದು ಮತ್ತೆ ಹೋಳಿಗೆ ಲಟ್ಟಿಸಿದಿರಿ.

ಬರುವಾಗ ಬಸ್ಸಿನಲ್ಲಿ ವಿನುತಾ ನನ್ನ ಹೆಗಲಿಗೆ ಒರಗಿದಳು.

"ಅತ್ತೆ, ಹೇಳಿದ ಕೂಡ್ಲೆ ನೀನು ನನ್ನ ನಂಬಿದೆಯಲ್ಲ. ಬೇರೆಯವರಾಗಿದ್ರೆ ನಂಬ್ತಿರಲಿಲ್ಲ," ಎಂದಳು.

ನಾನು ಹೂಂ ಎಂದೆ, ಅತ್ತಿಗೆ.

ನಿಮ್ಮ ನಾದಿನಿ,
ಶಶಿರೇಖಾ