ಕಿಟಕಿ ರೇಡಿಯೊದ ಕೊನೆಯ ಪ್ರಸಾರ

ಭಾನುವಾರ, ಮಾರ್ಚ್ ೯

ಪ್ರೀತಿಯ ಮಗಳೇ,

ನಿನ್ನ ಕಾಗದ ಬಂದು ಇವತ್ತಿಗೆ ಇಪ್ಪತ್ತಾರು ದಿನ. ಉತ್ತರ ತಡವಾದದ್ದಕ್ಕೆ ಮೈ ಹುಷಾರಿರಲಿಲ್ಲ ಎಂದು ನೆಪ ಹೇಳೋಣ ಎಂದುಕೊಂಡಿದ್ದೆ. ಮೈ ಗುಂಡುಕಲ್ಲಿನಂತಿದೆ. ಧೈರ್ಯ ಬರಲಿಲ್ಲ, ಅಷ್ಟೇ. "ನಿಮ್ಮನ್ನ ದೊಡ್ಡಪ್ಪ ಅಂತ ಕರೀಲಾ? ನನ್ನನ್ನ ನೀನು ಅಂತಲೇ ಅನ್ನಿ" ಎಂದು ನೀನು ಬರೆದಿದ್ದೆ. ನೀನು ಎಂದೇ ಬರೆಯುತ್ತೇನೆ. ದೊಡ್ಡಪ್ಪ ಎನ್ನುವುದನ್ನು ಮಾತ್ರ ಈ ಕಾಗದ ಓದಿದ ಮೇಲೆ ಇನ್ನೊಮ್ಮೆ ಯೋಚಿಸು.

ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ನೀನು ದಿನಾ ಬೆಳಿಗ್ಗೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೇಳುತ್ತಿರುವ ಆ ಆರು ನಿಮಿಷದ ಧ್ವನಿ ನಿನ್ನ ಅಮ್ಮನದಲ್ಲ. ಅದು ನನ್ನ ಹೆಂಡತಿಯದು. ಮಾತು ಬರೆದುಕೊಟ್ಟವನು ನಾನು.

ಕಾಗದ ಹರಿದು ಬಿಸಾಡಬೇಕೆನಿಸಿದರೆ ಬಿಸಾಡು. ಜೊತೆಯಲ್ಲಿಟ್ಟಿರುವ ಕ್ಯಾಸೆಟ್ಟನ್ನು ಮಾತ್ರ ಬಿಸಾಡಬೇಡ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಾನು ಮೂವತ್ತನಾಲ್ಕು ವರ್ಷ ಲಿಫ್ಟ್ ರಿಪೇರಿ ಮಾಡಿದವನು. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡವರನ್ನು ಹೊರಗೆ ತರುವುದು ನನ್ನ ಕಸುಬು; ಹಳೆಯ ಕಳ್ಳ ರೇಡಿಯೊಗಳ ಕ್ಯಾಸೆಟ್ಟುಗಳನ್ನು ಕಾಪಾಡುವುದು ನನ್ನ ಹುಚ್ಚು. ಆಗೆಲ್ಲ ಪರವಾನಗಿ ಇಲ್ಲದೆ ಅಟ್ಟದಲ್ಲೋ ಶೆಡ್ಡಿನಲ್ಲೋ ಟ್ರಾನ್ಸ್‌ಮಿಟರ್ ಕಟ್ಟಿಕೊಂಡು ಶಾರ್ಟ್‌ವೇವಿನಲ್ಲಿ ಮಾತಾಡುವವರಿದ್ದರು. ಕೇಳುವವರಲ್ಲಿ ಕೆಲವರು ರೇಡಿಯೊ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಅದನ್ನು ಹಿಡಿದಿಡುತ್ತಿದ್ದರು. ಈಗ ಆ ಕ್ಯಾಸೆಟ್ಟುಗಳಿಗೆಲ್ಲ ಬೂಷ್ಟು ಹಿಡಿದಿದೆ. ಒಂದೊಂದನ್ನೂ ಬಿಚ್ಚಿ, ಹತ್ತಿಯಲ್ಲಿ ಒರೆಸಿ, ಸುರುಳಿಯನ್ನು ಹೊಸ ಡಬ್ಬಿಗೆ ದಾಟಿಸಿ, ಪೆನ್ಸಿಲ್ ತೂರಿಸಿ ಸುತ್ತಿ, ಕಂಪ್ಯೂಟರಿಗೆ ಇಳಿಸುತ್ತೇನೆ. ನಮ್ಮ ಹವ್ಯಾಸಿ ಬಳಗದಲ್ಲಿ ಒಂದೇ ಕಟ್ಟುನಿಟ್ಟು: ಇದ್ದದ್ದನ್ನು ಇದ್ದ ಹಾಗೇ ಇಡಬೇಕು. ಗರಗರ ಸದ್ದನ್ನೂ ಅಳಿಸಬಾರದು. ಕೆಮ್ಮಿದ್ದರೆ ಕೆಮ್ಮೂ ಇರಬೇಕು. ಆ ನಿಯಮ ಬರೆದವನು ನಾನೇ. ನಗು ಬರುತ್ತದಲ್ಲವೇ?

ಈ ಹುಚ್ಚಿಗೆ ನನಗೆ ಜೊತೆಯಾದವರು ಮೇಷ್ಟ್ರು. ಹೈಸ್ಕೂಲಿನಲ್ಲಿ ಭೂಗೋಳ ಹೇಳುತ್ತಿದ್ದರು. ನಮ್ಮಿಬ್ಬರಿಗೂ ಜೀವವಾಗಿದ್ದದ್ದು ಕಿಟಕಿ ರೇಡಿಯೊ. ಭಾನುವಾರ ಮಧ್ಯಾಹ್ನ ಮೂರಕ್ಕೆ, ಹೊಲಿಗೆ ಅಂಗಡಿಯ ಅಟ್ಟದಿಂದ ನಿನ್ನ ಅಮ್ಮ ಮಾತಾಡುತ್ತಿದ್ದರು. ಹೆಸರು ಯಾರಿಗೂ ಗೊತ್ತಿರಲಿಲ್ಲ, ನಮಗೆ ಅವರು ಕಿಟಕಿ ಅಕ್ಕ. ಯಾರ ಕೊಡೆ ಕಳೆದಿದೆ, ಯಾವ ಡಾಕ್ಟರು ರಜೆ ಹಾಕಿದ್ದಾರೆ, ಯಾವ ಬೀದಿಯ ನಲ್ಲಿಯಲ್ಲಿ ನೀರು ಬರುತ್ತಿಲ್ಲ, ಎಲ್ಲವೂ ಅವರ ಬಾಯಲ್ಲಿ ಸುದ್ದಿ. ನಡುವೆ ಹೊಲಿಗೆ ಯಂತ್ರದ ಸದ್ದು. ತನಗೊಂದು ಪುಟ್ಟ ಹೆಣ್ಣುಮಗುವಿದೆ ಎಂದೂ ಆಗಾಗ ಹೇಳುತ್ತಿದ್ದರು. ಒಂದು ವರ್ಷ ತುಂಬುವುದರೊಳಗೆ ಅಧಿಕಾರಿಗಳು ಬಂದು ಟ್ರಾನ್ಸ್‌ಮಿಟರ್ ಹೊತ್ತೊಯ್ದರು. ಮೇಷ್ಟ್ರು ಹಿಡಿದಿಟ್ಟಿದ್ದ ಕ್ಯಾಸೆಟ್ಟುಗಳು ಮನೆ ಬದಲಾಯಿಸುವಾಗ ಕಳೆದುಹೋದವು. ನಾನಂತೂ ಆಗ ಕೇಳುತ್ತಿದ್ದೆನೇ ಹೊರತು ಹಿಡಿದಿಟ್ಟವನಲ್ಲ. ಹಾಗಾಗಿ ಒಂದು ನಿಮಿಷದ ಧ್ವನಿಯೂ ಉಳಿಯಲಿಲ್ಲ. ಅದೇ ಚಳಿಗಾಲದಲ್ಲಿ ಅವರು ನ್ಯುಮೋನಿಯಾದಿಂದ ತೀರಿಕೊಂಡರು, ಆಗ ನಿನಗೆ ನಾಲ್ಕು ವರ್ಷ ಎಂಬುದೆಲ್ಲ ನನಗೆ ತಿಳಿದದ್ದು ನಿನ್ನ ಕಾಗದದಿಂದ.

ನಾಲ್ಕು ವರ್ಷದ ಹಿಂದೆ ಮೇಷ್ಟ್ರು ಹಾಸಿಗೆ ಹಿಡಿದರು. ಉಸಿರಾಟದ ತೊಂದರೆ. ನೋಡಲು ಹೋದಾಗಲೆಲ್ಲ ಒಂದೇ ಮಾತು: "ಆ ಕೊನೇ ಭಾನುವಾರ ನಾನು ಯಾವುದೋ ನೌಕರಿ ಪರೀಕ್ಷೆ ಕೋಣೇಲಿ ಕಾವಲು ನಿಂತಿದ್ದೆ ಕಣೋ. ಕಿಟಕಿ ಅಕ್ಕ ಏನು ಹೇಳಿ ಹೋದ್ಲೋ, ಅದೊಂದು ಕೊರಗು ಉಳಿದುಹೋಯ್ತು." ಆ ಭಾನುವಾರ ನಾನೂ ಒಂದು ಆಸ್ಪತ್ರೆಯ ಲಿಫ್ಟಿನೊಳಗೆ ಗ್ರೀಸು ಹಚ್ಚುತ್ತಾ ಕೂತಿದ್ದೆ.

ನನ್ನಾಕೆ ಹಿಂದೆಲ್ಲ ತಮಾಷೆಗೆ ಕಿಟಕಿ ಅಕ್ಕನ ಅಣಕು ಮಾಡಿ ನನ್ನನ್ನು ನಗಿಸುತ್ತಿದ್ದಳು. ಅದು ನೆನಪಾಯಿತು. ಒಂದು ಮಧ್ಯಾಹ್ನ ಬಟ್ಟೆ ಬೀರುವಿನ ಬಾಗಿಲು ತೆಗೆದು, ಸೀರೆಗಳ ನಡುವೆ ಮೈಕು ಇಟ್ಟು, ಅವಳ ಹಳೆಯ ಹೊಲಿಗೆ ಯಂತ್ರವನ್ನು ಪಕ್ಕಕ್ಕೆಳೆದೆ. ಮೊದಮೊದಲು ಅವಳಿಗೂ ನಗು. ಕೊನೆಯ ಪ್ರಸಾರವೆಂದು ನಾನು ಬರೆದುಕೊಟ್ಟದ್ದನ್ನು ಎರಡು ಸಲ ಓದಿದ ಮೇಲೆ ಕಾಲು ಪೆಡಲ್ ತುಳಿಯುವುದನ್ನು ನಿಲ್ಲಿಸಿದಳು. "ಬೇಡ ರೀ. ಆಕೆ ಎಲ್ಲಿದಾಳೋ, ಹೇಗಿದಾಳೋ. ನಮಗ್ಯಾಕೆ ಅವಳ ಬಾಯಿ?" ಅಂದಳು. "ಮೇಷ್ಟ್ರಿಗೊಬ್ಬರಿಗೇ ಕೇಳಿಸೋದು ಕಣೇ" ಅಂದೆ. ಆ ಧ್ವನಿಯನ್ನು ಹಳೆಯ ಶಾರ್ಟ್‌ವೇವ್ ರೇಡಿಯೊ ಮೂಲಕ ಹಾಯಿಸಿ, ಗರಗರ ಸೇರಿಸಿ, ಬೂಷ್ಟು ಹಿಡಿದ ಕ್ಯಾಸೆಟ್ಟಿಗೆ ತುಂಬಿದೆ. ಕೈಯಲ್ಲಿ ವಿದ್ಯೆಯಿತ್ತು. ಅದರ ಮೇಲೆ ಜಂಬವೂ ಇತ್ತು.

ಆ ಕೊನೆಯ ಭಾನುವಾರದ ಕ್ಯಾಸೆಟ್ಟು ಸಿಕ್ಕಿತು ಎಂದು ಹೇಳಿ ಹಾಕಿದೆ. ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಕೇಳಿದರು. ಕಣ್ಣಂಚಿನಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. "ದನಿ ಸ್ವಲ್ಪ ಬೇರೆ ಥರ ನೆನಪಿತ್ತು ಕಣೋ. ಮೂವತ್ತು ವರ್ಷ ಆಯ್ತಲ್ಲ, ಕಿವೀನೂ ಮುದಿಯಾಗಿದೆ" ಅಂದರು. ಅಲ್ಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಮರುದಿನವೇ ಅವರು ಬಳಗದವರಿಗೆಲ್ಲ ಫೋನು ಮಾಡಿ, ಸಿಕ್ಕಿತು, ಸಿಕ್ಕಿತು ಎಂದು ಸಾರಿದರು. ಬಳಗದವರು ಅದನ್ನು ಇಂಟರ್‌ನೆಟ್ಟಿಗೆ ಹಾಕಿದರು. ನನ್ನನ್ನು ಕೂರಿಸಿ ಶಾಲು ಹೊದಿಸಿದರು. ಹೊದ್ದುಕೊಂಡೆ. ಎರಡು ವರ್ಷದ ಹಿಂದೆ ಮೇಷ್ಟ್ರು ಹೋದರು. ಅವರ ಜೊತೆಗೇ ಈ ಸುಳ್ಳೂ ಹೋಯಿತು ಎಂದುಕೊಂಡಿದ್ದೆ.

ಆಮೇಲೆ ಬಂತು ನಿನ್ನ ಕಾಗದ. ಅಮ್ಮ ಕಿಟಕಿ ರೇಡಿಯೊದವಳು ಎಂಬುದೊಂದು ಬಿಟ್ಟರೆ ಅಪ್ಪ ಮನೆಯಲ್ಲಿ ಅವಳ ಮಾತೇ ಎತ್ತುತ್ತಿರಲಿಲ್ಲ, ಈಗ ಅವರೂ ಇಲ್ಲ, ಅಮ್ಮನ ಧ್ವನಿ ಹೇಗಿತ್ತು ಎಂದು ಹೇಳುವವರು ಯಾರೂ ಉಳಿದಿರಲಿಲ್ಲ ಎಂದು ಬರೆದಿದ್ದೆ. "ನನ್ನ ಪುಟ್ಟಿ ಮಲಗಿದಾಳೆ, ಅದಕ್ಕೇ ಮೆಲ್ಲಗೆ ಮಾತಾಡ್ತಿದೀನಿ" ಎಂಬ ಸಾಲು ಬಂದಾಗ ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತೆ ಎಂದು ನೀನು ಬರೆದಿದ್ದೆ. ಅಮ್ಮ ನನ್ನನ್ನು ಏನೆಂದು ಕರೆಯುತ್ತಿದ್ದಳು ಎಂಬುದು ಈಗ ಗೊತ್ತಾಯಿತು, ನನ್ನ ಮಗುವನ್ನೂ ಪುಟ್ಟಿ ಎಂದೇ ಕರೆಯುತ್ತಿದ್ದೇನೆ ಎಂದಿದ್ದೆ.

ಆ ಸಾಲು ಹುಟ್ಟಿದ್ದು ನಮ್ಮ ಊಟದ ಮೇಜಿನ ಮೇಲೆ, ಮಗಳೇ. ಇದ್ದರೆ ಚೆಂದ ಎಂದು ಸೇರಿಸಿದೆ. ನಿನ್ನ ಕಾಗದವನ್ನು ನನ್ನಾಕೆಗೆ ಓದಿ ಹೇಳಿದಾಗ ಅವಳು ತರಕಾರಿ ಹೆಚ್ಚುತ್ತಿದ್ದಳು. ಚಾಕು ಕೆಳಗಿಟ್ಟಳು. "ನಾನು ಬೀರು ಮುಂದೆ ಕೂತು ಹೇಳಿದ ಹೆಸರು ಕಣ್ರೀ ಅದು. ಅವಳಿಗೆ ಬರೆಯೋ ತನಕ ನನ್ನನ್ನ ಮಾತಾಡಿಸಬೇಡಿ" ಅಂದಳು. ಇಪ್ಪತ್ತಾರು ದಿನದಿಂದ ಮನೆಯಲ್ಲಿ ಉಪ್ಪು ಬೇಕೇ, ಸಾಕೇ ಎಂಬುದಕ್ಕೂ ಸನ್ನೆಯೇ.

ಈಗ ಕ್ಯಾಸೆಟ್ಟಿನ ವಿಷಯ. ದೂರದ ಊರಿನ ನಿವೃತ್ತ ಬಸ್ ಕಂಡಕ್ಟರೊಬ್ಬರು ತಮ್ಮ ಹಳೆಯ ಟ್ರಂಕಿನಲ್ಲಿ ಸಿಕ್ಕಿದ್ದೆಂದು ಹೋದ ವಾರ ಇದನ್ನು ಕಳಿಸಿದರು. ಹನ್ನೊಂದು ನಿಮಿಷ. ಇದು ನಿಜವಾಗಿ ನಿನ್ನ ಅಮ್ಮ. ನನ್ನಾಕೆ ಮಾಡಿದಷ್ಟು ನಯವಾದ ದನಿಯಲ್ಲ. ಸ್ವಲ್ಪ ಒರಟು, ಮಾತು ಬಲು ಚುರುಕು. ಕಾರ್ಯಕ್ರಮ ಬರೀ ಹರಟೆ ಎಂದು ಕಾಗದ ಬರೆದವನೊಬ್ಬನನ್ನು "ಹರಟೆ ಬೇಡ ಅಂದ್ರೆ ರೇಡಿಯೊ ಆರಿಸಿ, ಹೆಂಡ್ತಿ ಹತ್ರ ಮಾತಾಡ್ರಿ ಸ್ವಾಮಿ" ಎಂದು ದಬಾಯಿಸುತ್ತಾರೆ. ಏಳನೇ ನಿಮಿಷದಲ್ಲಿ ಏನೋ ದಡಬಡ ಬೀಳುತ್ತದೆ. ಕೂಡಲೇ ಅವರು, "ಏಯ್ ಗುಂಡಮ್ಮ! ಕತ್ತರಿ ಕೆಳಗಿಡು! ಇಡ್ತೀಯೋ ಇಲ್ವೋ?" ಎಂದು ಕೂಗುತ್ತಾರೆ. ಒಂದು ಚಿಕ್ಕ ದನಿ ತೀರಾ ಹತ್ತಿರದಿಂದ "ಇಡಲ್ಲ" ಅನ್ನುತ್ತದೆ. ಕಿಟಕಿ ಅಕ್ಕನಿಗೆ ನಗು ತಡೆಯಲಾಗುವುದಿಲ್ಲ. ಎಷ್ಟು ನಗುತ್ತಾರೆಂದರೆ ಮುಂದೆ ಓದಬೇಕಾದ ಕಾಗದ ಎಲ್ಲಿಟ್ಟೆ ಎಂದು ಹುಡುಕಾಡುತ್ತಾರೆ.

ಅದರಲ್ಲಿ ಒಂದು ಚೂರನ್ನೂ ನಾನು ತಿದ್ದಿಲ್ಲ. ಆಣೆ ಮಾಡಿದರೆ ನೀನು ನಂಬಬೇಕಾಗಿಲ್ಲ. ಕಂಡಕ್ಟರರ ಫೋನ್ ನಂಬರು ಕಾಗದದ ಹಿಂದೆ ಇದೆ, ಅವರನ್ನೇ ಕೇಳು. ನಕಲಿಯನ್ನು ತೆಗೆಯಿರಿ ಎಂದು ನಿನ್ನೆ ಬಳಗಕ್ಕೆ ಬರೆದು ಎಲ್ಲವನ್ನೂ ಒಪ್ಪಿಕೊಂಡಿದ್ದೇನೆ. ಮೂವರು ಫೋನು ಮಾಡಿ ಬೈದರು. ಉಳಿದವರು ಮಾಡಲೇ ಇಲ್ಲ; ಅದು ಇನ್ನೂ ಕಷ್ಟ.

ಕ್ಷಮಿಸು ಎಂದು ಬರೆಯಲು ಕೈ ಬರುತ್ತಿಲ್ಲ. ಹೋಗುವ ಮುದುಕರೊಬ್ಬರ ಮನಸ್ಸಿಗೆ ಸಮಾಧಾನವಾಗಲಿ ಎಂದು ಮಾಡಿದೆ ಎಂಬುದೊಂದನ್ನು ನಂಬಿದರೆ ಸಾಕು.

ಇತಿ, ನಿನ್ನ ಉತ್ತರಕ್ಕೆ ಕಾಯುವ ಯೋಗ್ಯತೆಯಿಲ್ಲದಿದ್ದರೂ ಕಾಯುವ,
ಲಿಫ್ಟ್ ರಿಪೇರಿಯವನು

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದನ್ನು ನನ್ನಾಕೆಗೆ ಓದಿದೆ. ಅವಳು ಎದ್ದು ಹೋಗಿ, ಕಂಡಕ್ಟರರ ಪಾರ್ಸೆಲ್ಲಿನ ಹೊದಿಕೆಯನ್ನು ಕಪಾಟಿನಿಂದ ತಂದು, ಅದರ ಅಂಚೆ ಮುದ್ರೆಯ ಮೇಲೆ ಬೆರಳಿಟ್ಟು, "ಇದನ್ನೂ ಬರೀರಿ" ಅಂದಳು. ಬರೆಯುತ್ತೇನೆ. ಈ ಕ್ಯಾಸೆಟ್ಟು ಬಂದದ್ದು ಹೋದ ವಾರವಲ್ಲ, ಮೂರು ವರ್ಷದ ಹಿಂದೆ. ಹೊರಗೆ ತಂದರೆ ನನ್ನ ಬಣ್ಣ ಬಯಲಾಗುತ್ತದೆಂದು ಮುಚ್ಚಿಟ್ಟೆ. ಆಗ ಮೇಷ್ಟ್ರು ಇದ್ದರು. ಅದಾದ ಮೇಲೂ ಹನ್ನೊಂದು ತಿಂಗಳು ಬದುಕಿದ್ದರು. ಪ್ರತಿ ಭಾನುವಾರ ಮೂರು ಗಂಟೆಗೆ ಅವರ ಹಾಸಿಗೆಯ ಪಕ್ಕ ಕೂತು, ನಾನು ನಕಲಿಯನ್ನೇ ಕೇಳಿಸಿದೆ.