ಚಾವಿ ತಿರುಗಿಸಲು ಇನ್ನೊಬ್ಬರು

ಮಾಬ್ಲಣ್ಣ,

ಮೊನ್ನೆ ನಿನ್ನ ಕಾರು ಕುಮಟೆಯ ನಮ್ಮ ಗ್ಯಾರೇಜಿಗೆ ಬಂತು, ಇನ್ನೊಂದು ಗಾಡಿಯ ಹಿಂದೆ ಹಗ್ಗ ಕಟ್ಟಿಸಿಕೊಂಡು. ಸ್ಟೇರಿಂಗ್ ಹಿಡಿದು ಕೂತವಳು ಯಾರು ಗೊತ್ತೇ? ಸುಮಿತ್ರತ್ತಿಗೆ. ನೀನಿದ್ದಾಗ ಎಷ್ಟು ಗೋಗರೆದರೂ ಕಲಿಯದ ನಿನ್ನ ಹೆಂಡತಿ, ನೀನು ತೀರಿಹೋದ ಮೇಲೆ ಡ್ರೈವಿಂಗ್ ಕಲಿತಳು. ಆಗಲೇ ಕಲಿತಿದ್ದರೆ ನೀನು ಎಷ್ಟು ಖುಷಿಪಡುತ್ತಿದ್ದೆಯೋ...

"ಲೈಟು, ಫ್ಯಾನು ಹಾಕಿದ್ರೆ ಜಗ್ಗಿ ಜಗ್ಗಿ ನಿಂತೋಗ್ತದೆ ತಮಾ" ಎಂದಳು. ಹೊನ್ನಾವರದಲ್ಲಿ ಯಾರೋ, ಇಂಜಿನ್ನಿನ ಕಂಪ್ಯೂಟರು, ಅದೇ ಇಸಿಯು, ಹೋಗಿದೆ ಎಂದಿದ್ದರಂತೆ. ಮಾರಿಬಿಡು ಎಂದು ಮನೆಯವರೆಲ್ಲರ ಮಾತು. "ವಿದ್ಯಾನ ಹೆರಿಗೆಗೆ ಭಟ್ಕಳಕ್ಕೆ ಹೋಗ್ಬೇಕು. ಬಸ್ಸಿಗೂ ಹೋಗ್ಲಕ್ಕು. ಆದ್ರೆ ಅಪ್ಪನ ಕಾರಲ್ಲೇ ಬತ್ತೆ ಅಂತ ಮಗಳಿಗೆ ಹೇಳಿಟ್ಟಿದ್ದೆ."

ಸ್ಕ್ಯಾನರ್ ಹಚ್ಚಿದರೆ ಒಂದಕ್ಕೊಂದು ಸಂಬಂಧವಿಲ್ಲದ ಸೆನ್ಸರುಗಳೆಲ್ಲ ಕೆಟ್ಟಿವೆ ಎಂದು ತೋರಿಸಿತು. ಎಲ್ಲವೂ ಒಮ್ಮೆಲೇ ಕೆಡುತ್ತವೆಯೇ? ಹೀಗಾದರೆ ಮೊದಲು ಅರ್ಥಿಂಗ್, ಅಂದರೆ ಕರೆಂಟು ಬ್ಯಾಟರಿಗೆ ಮರಳುವ ದಾರಿ, ನೋಡು ಎನ್ನುತ್ತಿದ್ದೆ ನೀನು. ಅದನ್ನು ಇಂಜಿನ್ ಓಡುವಾಗಲೇ ಪರೀಕ್ಷಿಸಬೇಕು. ನಾನು ಬಾನೆಟ್ಟಿನೊಳಗೆ ಮೀಟರ್ ಹಿಡಿದರೆ ಚಾವಿ ತಿರುಗಿಸಲು ಇನ್ನೊಬ್ಬರು ಬೇಕು. ನಾವಿಬ್ಬರೂ ಇಲ್ಲಿ ಒಟ್ಟಿಗೆ ದುಡಿದ ಇಷ್ಟು ವರ್ಷವೂ ಅದು ನೀನೇ. "ಹಾಂ, ಸ್ಟಾರ್ಟ್ ಹೊಡಿ ಮಾಬ್ಲಣ್ಣ" ಎಂದುಬಿಟ್ಟೆ. ಬಾಯಿಗೆ ಬಂದೇಬಿಟ್ಟಿತು...

ಅತ್ತಿಗೆ ನಿನ್ನ ಸೀಟಿನಲ್ಲಿ ಕೂತು, "ಎಂತ ಮಾಡೂದು, ಹೇಳು" ಎಂದಳು. ಸ್ಟಾರ್ಟ್ ಮಾಡಿ ಲೈಟು, ಫ್ಯಾನು ಹಾಕಿದಳು. ಇಸಿಯುವಿನ ಅರ್ಥಿಂಗ್ ವೈರಿಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ ಸೊನ್ನೆಯ ಹತ್ತಿರ ಇರಬೇಕಾದ ಮೀಟರ್ ಒಂದು ವೋಲ್ಟ್ ದಾಟಿತು. ಇಂಜಿನ್ ಬಂದ್ ಮಾಡಿಸಿ ವೈರಿನ ಬೆನ್ನು ಹತ್ತಿದೆ. ಬ್ಯಾಟರಿಯ ಕೆಳಗೆ, ಆ ವೈರನ್ನು ಕಾರಿನ ತಗಡಿಗೆ ಬಿಗಿದ ಬೋಲ್ಟು ಮೇಲೆ ನೋಡಲು ಗಟ್ಟಿ. ಬಿಚ್ಚಿದರೆ ಅಡಿಯೆಲ್ಲ ಹಸಿರು ಕಿಲುಬು. ನಮ್ಮ ಕಡಲ ಗಾಳಿಯ ಕೆಲಸ. ಉಜ್ಜಿ ಬಿಗಿದು, ಮತ್ತೆ ಸ್ಟಾರ್ಟ್ ಮಾಡಿಸಿದೆ. ಮೀಟರ್ ಸೊನ್ನೆಗಿಳಿಯಿತು.

"ಆತಾ?"

"ಆತು ಅತ್ತಿಗೆ. ಇಸಿಯು ಸರಿಯೇ ಇದೆ. ಮಾರೂದು ಬೇಡ."

ಅವಳು ಇಂಜಿನ್ ಆರಿಸಲಿಲ್ಲ. ಸ್ಟೇರಿಂಗ್ ಮೇಲೆ ತಲೆಯಿಟ್ಟು ಅತ್ತಳು. ನಾನು ಬಾನೆಟ್ಟಿನ ಮರೆಯಲ್ಲೇ ನಿಂತೆ. ಆಮೇಲೆ ಅವಳು ಕಣ್ಣೊರೆಸಿಕೊಂಡು ಒಬ್ಬಳೇ ಭಟ್ಕಳದತ್ತ ಹೊರಟಳು.

ಇವತ್ತು ಬೆಳಿಗ್ಗೆ ಅವಳ ಫೋನು ಬಂತು. ವಿದ್ಯಾಗೆ ಹೆಣ್ಣು ಮಗು, ಇಬ್ಬರೂ ಆರಾಮ. ಫೋನಿಟ್ಟ ಮೇಲೆ ಯಾರಿಗಾದರೂ ಹೇಳಬೇಕೆನಿಸಿತು. ಗ್ಯಾರೇಜಿನಲ್ಲಿ ನಾನೊಬ್ಬನೇ. ಆದರೂ ಜೋರಾಗಿಯೇ ಹೇಳಿದೆ: "ಮಾಬ್ಲಣ್ಣ, ನೀ ಅಜ್ಜ ಆದೆ ಮಾರಾಯಾ!"